ರಬ್ಬರ್ ಬ್ಯಾಂಡ್ ಇಲ್ಲದ ಆರು ತುರುಬು: ನನ್ನ ಅನುಭವ

ಬಿಗಿಯಾಗಿ ಕಟ್ಟದಿದ್ದರೆ ನಮ್ಮಂಥ ಕೂದಲಿನ ತುರುಬು ಮಧ್ಯಾಹ್ನದವರೆಗೂ ನಿಲ್ಲಲ್ಲ ಅಂತ ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ. ಪಾರ್ಲರಿನವರು ಹೇಳಿದರು, ಗೆಳತಿಯರು ಹೇಳಿದರು, ನನ್ನಷ್ಟೇ ಬಿಗಿ ಸುರುಳಿ ಕೂದಲಿರುವ ಅಕ್ಕನೂ ಹೇಳಿದಳು. ಇದನ್ನು ಬರೆಯುವಾಗ ನನ್ನ ತಲೆಯ ಮೇಲೆ ಆರು ತುರುಬು ಇವೆ, ರಬ್ಬರ್ ಬ್ಯಾಂಡ್ ಒಂದೂ ಇಲ್ಲ, ಕಟ್ಟಿ ವಾರವಾಗುತ್ತ ಬಂತು. ಕಿವಿಯ ಮುಂದೆ ಬರಿದಾಗಿದ್ದ ಜಾಗದಲ್ಲಿ ಕೂದಲು ತುಂಬಿಕೊಂಡಿದೆ. ಎಳೆದು ಹಿಡಿದರೆ ಉದ್ದ ಹೆಗಲು ದಾಟುತ್ತದೆ. ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ನನ್ನದು 4ಸಿ, ಅಂದರೆ ಕೂದಲಿನ ವಿಂಗಡಣೆಯಲ್ಲಿ ಅತಿ ಬಿಗಿ ಸುರುಳಿಯದ್ದು, ಕತ್ತಿನ ಹತ್ತಿರ ಮಾತ್ರ ಅದಕ್ಕಿಂತ ಸ್ವಲ್ಪ ಸಡಿಲದ 4ಬಿ. ಒದ್ದೆಯಿದ್ದಾಗ ಗೇಣುದ್ದ ಇರುವುದು ಒಣಗಿದ ಮೇಲೆ ನಾಲ್ಕು ಬೆರಳಿಗೆ ಇಳಿಯುತ್ತದೆ. ನೀರು ಸುಲಭಕ್ಕೆ ಒಳಗೆ ಹೋಗಲ್ಲ, ಹೋದದ್ದು ಸುಲಭಕ್ಕೆ ಆರಲ್ಲ. ಇಂಥ ಕೂದಲಿನ ಪಾಡು ನಿಮಗೂ ಗೊತ್ತಿರುವುದೇ, ಹಾಗಾಗಿ ಸಿಕ್ಕು ಬಿಡಿಸುವುದು ಹೇಗೆ ಅನ್ನುವಲ್ಲಿಂದ ಶುರು ಮಾಡುವುದಿಲ್ಲ.

ದುಡ್ಡಿನ ಕಥೆ ಮೊದಲು ಹೇಳಿಬಿಡುತ್ತೇನೆ. ಬಟರ್, ಪುಡ್ಡಿಂಗ್, ಸೂಫ್ಲೆ ಅಂತ ತಿನ್ನುವ ಪದಾರ್ಥದ ಹೆಸರಿಟ್ಟ ಡಬ್ಬಿಗಳಿಗೆ ಎರಡು ವರ್ಷ ಸುರಿದಿದ್ದೇನೆ. ಒಂದು ಕಾಲದಲ್ಲಿ ಸಂಬಳದ ಹತ್ತರಲ್ಲೊಂದು ಪಾಲು ತಲೆಗೇ ಹೋಗುತ್ತಿತ್ತು. ನೀರೇ ಇಳಿಯದ ಕೂದಲಿಗೆ ಶಿಯಾ ಬಟರ್ ಹಚ್ಚಿದರೆ ಅದು ಮೇಲೇ ಕೂತು ದಿಂಬಿಗೆ ಅಂಟುತ್ತದೆ, ಕೂದಲು ಒಳಗೆ ಒಣಗಿಯೇ ಇರುತ್ತದೆ. ಡಬ್ಬಿ ಮುಗಿಯುವ ಮೊದಲೇ ಇನ್ನೊಂದು ಡಬ್ಬಿ. ಅಂಚಿನ ಕೂದಲು ಕೂರಿಸುವ ಗಟ್ಟಿ ಜೆಲ್ಲುಗಳದ್ದು ಇನ್ನೊಂದು ಪುರಾಣ. ತೊಳೆಯದೆ ಕೂದಲಲ್ಲೇ ಬಿಡುವ ಲೀವ್-ಇನ್ ಕಂಡೀಷನರ್ ಮೇಲೆ ಅದನ್ನು ಹಚ್ಚಿದರೆ ಅರ್ಧ ಗಂಟೆಯಲ್ಲಿ ಬಿಳಿ ಉಂಡೆ ಏಳುತ್ತಿತ್ತು, ನೋಡಿದವರು ಹೊಟ್ಟು ಅಂದುಕೊಳ್ಳುತ್ತಿದ್ದರು. ಈಗ ಹೊಸ ಜೋಡಿ ಯಾವುದೇ ಇರಲಿ, ಅಂಗೈಯಲ್ಲಿ ಒಂದೊಂದು ಹನಿ ಹಾಕಿ ಬೆರಳಲ್ಲಿ ಕಲಸಿ ನೋಡುತ್ತೇನೆ. ಹಾಲು ಒಡೆದ ಹಾಗಾದರೆ ಎರಡನ್ನೂ ಒಟ್ಟಿಗೆ ತಲೆಗೆ ತಗೊಂಡು ಹೋಗುವುದಿಲ್ಲ.

ಹೆಚ್ಚು ಹಾನಿ ಮಾಡಿದ್ದು ಮಾತ್ರ ಡಬ್ಬಿಗಳಲ್ಲ, ನೆತ್ತಿಯ ಮೇಲಿನ ಒಂಟಿ ತುರುಬು. ಬ್ರಷ್ಷಿನಿಂದ ತೀಡಿ, ಜೆಲ್ ಬಳಿದು, ರಬ್ಬರ್ ಬ್ಯಾಂಡ್ ಮೂರು ಸುತ್ತು ಹಾಕಿ ಕಟ್ಟುವುದು. ಕನ್ನಡಿಯಲ್ಲಿ ಭಾರಿ ಚೆನ್ನಾಗಿ ಕಾಣುತ್ತದೆ. ಸಂಜೆಗೆ ತಲೆ ಸಿಡಿಯುತ್ತದೆ, ಹಣೆಯಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತವೆ, ಆಮೇಲೆ ಆ ಸಾಲೇ ತೆಳ್ಳಗಾಗುತ್ತದೆ. ಗುಂಗುರು ಕೂದಲಿನವರಿಗೆ ಮಾತ್ರ ಈ ಕಾಟ ಅಂತ ತಿಳಿದವರಿದ್ದಾರೆ. ಹಾಗಿಲ್ಲ. ಬಿಗಿ ಜುಟ್ಟಿನಿಂದ ಕೂದಲು ಹೋಗುವುದನ್ನು 1907ರಲ್ಲೇ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಗುರುತಿಸಿ ಬರೆದಿಟ್ಟಿದ್ದಾರೆ, ಅವರದ್ದು ನೇರ ಕೂದಲು. ಎಳೆತ ಅಂದರೆ ಎಳೆತ, ಕೂದಲು ಯಾವುದಾದರೇನು. ಬೇಗ ನಿಲ್ಲಿಸಿದರೆ ಕೂದಲು ವಾಪಸ್ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಬುಡವೇ ಮುಚ್ಚಿಹೋಗುತ್ತದೆ. ನನ್ನದು ಹೊತ್ತು ಮೀರುವ ಮುಂಚೆ ನಿಂತಿತು.

ನಡುವೆ ಒಂದು ಪಾರ್ಲರಿನಲ್ಲಿ 'ಬರೀ ಸ್ಟ್ರೆಚ್ ಮಾಡ್ತೀವಿ' ಅಂತ ಮುಂದಿನ ಭಾಗವನ್ನು ಸುಟ್ಟರು. ಹೊಗೆ ಬಂದದ್ದನ್ನು ಹಬೆ ಅಂದರು. ಆ ಭಾಗದ ಸುರುಳಿ ತೊಳೆದರೂ ಮತ್ತೆ ಏಳಲಿಲ್ಲ, ಕತ್ತರಿಸಿ ಹೊಸದಾಗಿ ಬೆಳೆಸಬೇಕಾಯಿತು. ಅವತ್ತು ಕೊಟ್ಟ ದುಡ್ಡು ಈಗಿನ ನನ್ನ ಆರು ತಿಂಗಳ ಖರ್ಚು.

ಈಗ ಪದ್ಧತಿ. ತೊಳೆಯುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ, ಬುಡಕ್ಕಲ್ಲ, ಮಧ್ಯದಿಂದ ತುದಿಗೆ. ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ 2003ರಲ್ಲಿ ಒಂದು ಅಧ್ಯಯನ ಬಂದಿತ್ತು. ಕೂದಲಿನ ಪ್ರೋಟೀನ್ ನಷ್ಟ ತಡೆದದ್ದು ಅದರಲ್ಲಿ ಕೊಬ್ಬರಿ ಎಣ್ಣೆ ಮಾತ್ರ. ನನ್ನ ಕೈಗೂ ವ್ಯತ್ಯಾಸ ಗೊತ್ತಾಗುತ್ತದೆ. ಎಣ್ಣೆ ಬಿಟ್ಟ ವಾರ ಸಿಂಕಿನಲ್ಲಿ ಸಣ್ಣ ತುಂಡುಗಳು ಜಾಸ್ತಿ.

ತೊಳೆದು, ಕಂಡೀಷನರ್ ಇರುವಾಗಲೇ ಸಿಕ್ಕು ಬಿಡಿಸಿ, ಹತ್ತೋ ಹನ್ನೆರಡೋ ದಪ್ಪ ಟ್ವಿಸ್ಟ್ (ಎರಡೆಳೆ ಸುತ್ತಿದ ಜಡೆ) ಹಾಕಿ ರಾತ್ರಿ ಬಿಡುತ್ತೇನೆ. ಇದು ಎಳೆದು ಉದ್ದ ಮಾಡಲಿಕ್ಕೆ, ತುರುಬಿಗಲ್ಲ. ಕುಗ್ಗಿದ ಕೂದಲನ್ನು ಹಾಗೇ ತುರುಬು ಸುತ್ತಿದರೆ ಒಳಗೆ ಗಂಟು ಬೀಳುತ್ತದೆ, ಬಿಚ್ಚುವ ದಿನ ಅಳು ಬರುತ್ತದೆ. ಬೆಳಗ್ಗೆ ಟ್ವಿಸ್ಟ್ ಬಿಚ್ಚುವಾಗ ಕೂದಲು ಮುಟ್ಟಿದರೆ ತಂಪು ಅನ್ನಿಸಬೇಕು, ಬೆರಳಿಗೆ ನೀರು ಹತ್ತಬಾರದು. ಒದ್ದೆ ಕೂದಲನ್ನೇ ಸುತ್ತಿದ ಸಲವೆಲ್ಲ ಮೂರನೇ ದಿನಕ್ಕೂ ಒಳಗೆ ಆರಿರಲಿಲ್ಲ. ಮುಗ್ಗಲು ವಾಸನೆ, ಮೇಲಿಂದ ನವೆ.

ಆರು ಭಾಗ ಮಾಡುತ್ತೇನೆ: ಮುಂದೆ ಎರಡು, ನೆತ್ತಿಗೆ ಎರಡು, ಹಿಂದೆ ಎರಡು. ಬೈತಲೆ ನೇರ ತೆಗೆಯುವುದಿಲ್ಲ, ಸೊಟ್ಟ ಸೊಟ್ಟಗೆ. ನೇರ ಬೈತಲೆಯಲ್ಲಿ ನೆತ್ತಿಯ ಚರ್ಮ ಗೆರೆ ಗೆರೆಯಾಗಿ ಕಾಣುತ್ತದೆ, ಜೊತೆಗೆ ಪ್ರತಿ ಸಲ ಅದೇ ಸಾಲಿನ ಕೂದಲಿಗೆ ಎಳೆತ ಬೀಳುತ್ತದೆ. ಹಣೆಯಂಚಿನ ಎಳೆ ಕೂದಲನ್ನು ಯಾವ ಭಾಗಕ್ಕೂ ಸೇರಿಸುವುದಿಲ್ಲ, ಅದು ಅದರ ಪಾಡಿಗೆ ಇರಲಿ.

ಒಂದು ಭಾಗವನ್ನು ಎರಡು ಎಳೆ ಮಾಡಿ, ಎರಡನ್ನೂ ಬೇರೆ ಬೇರೆಯಾಗಿ ಬಲಕ್ಕೆ ತಿರುಚುತ್ತ, ಒಂದರ ಮೇಲೊಂದನ್ನು ಎಡಕ್ಕೆ ಸುತ್ತುತ್ತ ಹೋಗಬೇಕು. ಹಗ್ಗ ಹೊಸೆಯುವುದೂ ಹೀಗೇ, ಅದಕ್ಕೇ ತಾನಾಗಿ ಬಿಚ್ಚಿಕೊಳ್ಳಲ್ಲ. ಎಲ್ಲರೂ ಬುಡದಿಂದಲೇ ತಿರುಚಲು ಶುರು ಮಾಡುತ್ತಾರೆ. ನಾನು ಬುಡದಲ್ಲಿ ಒಂದು ಬೆರಳು ಅಗಲ ಸಡಿಲ ಬಿಟ್ಟು, ಆಮೇಲೆ ಬಿಗಿ ಮಾಡುತ್ತೇನೆ. ನನ್ನ ಪದ್ಧತಿಯ ಜೀವ ಇರುವುದು ಇಲ್ಲೇ. ಬಿಗಿ ಇರಬೇಕಾದ್ದು ಹಗ್ಗದಲ್ಲಿ, ಬುಡದಲ್ಲಲ್ಲ. ಅರ್ಧ ಉದ್ದ ದಾಟಿದ ಮೇಲೆ ಇನ್ನೂ ನಾಲ್ಕು ಸುತ್ತು ಜಾಸ್ತಿ ತಿರುಚಿದರೆ ಹಗ್ಗ ಕೈಯೊಳಗೇ ಹೊರಳತೊಡಗುತ್ತದೆ, ತಾನೇ ಸುರುಳಿ ಸುತ್ತಿಕೊಳ್ಳಲು ನೋಡುತ್ತದೆ. ಆಗ ಅದು ಹೊರಳಿದ ದಿಕ್ಕಿಗೇ ಬಿಡಬೇಕು. ಎದುರು ದಿಕ್ಕಿಗೆ ಸುತ್ತಿದರೆ ಹಗ್ಗ ಸಡಿಲವಾಗುತ್ತದೆ, ಆಗಲೇ ನೋಡಿ ಎಲ್ಲರೂ ರಬ್ಬರ್ ಬ್ಯಾಂಡ್ ಹುಡುಕುವುದು.

ಕಟ್ಟುವುದಕ್ಕೆ ಹಳೇ ನೈಲಾನ್ ಸ್ಟಾಕಿಂಗ್. ಅಡ್ಡಡ್ಡ ಬೆರಳಗಲ ಕತ್ತರಿಸಿ ಸ್ವಲ್ಪ ಎಳೆದರೆ ಅಂಚು ತಾನೇ ಒಳಗೆ ಸುರುಟಿಕೊಂಡು ಮೆತ್ತಗಿನ ಉಂಗುರವಾಗುತ್ತದೆ. ಒಂದು ಸ್ಟಾಕಿಂಗಿಗೆ ಇಪ್ಪತ್ತಕ್ಕಿಂತ ಜಾಸ್ತಿ ಉಂಗುರ. ತುರುಬಿನ ಬುಡಕ್ಕೆ ಎರಡೇ ಸುತ್ತು, ಮೂರನೆಯದು ಬೇಡ. ಮೇಲೆ ಯು ಪಿನ್ ಎರಡು, ಅಡ್ಡಡ್ಡ. ಪಿನ್ನಿನ ತುದಿಯ ಗುಂಡು ಕಿತ್ತುಹೋಗಿದ್ದರೆ ಮುಲಾಜಿಲ್ಲದೆ ಎಸೆಯಿರಿ. ತುದಿಯನ್ನು ಒಳಗೆ ಹೇಗೆ ಮಡಿಸಿ ಸಿಕ್ಕಿಸುತ್ತೇನೆ, ಮಡಿಸುವ ಮೊದಲು ಅದಕ್ಕೆ ಏನು ಸವರುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಟ್ಟಿ ಮುಗಿದ ಮೇಲೆ ಹುಬ್ಬು ಎತ್ತಿ ನೋಡುವುದು. ಹಣೆಯ ಚರ್ಮ ಎಲ್ಲಾದರೂ ಚುರುಕ್ ಅಂದರೆ ಆ ತುರುಬು ಬಿಚ್ಚಿ ಮತ್ತೆ ಸುತ್ತಬೇಕು. ಆಮೇಲೆ ಸಡಿಲವಾಗುತ್ತೆ ಅಂತ ಕಾಯಬಾರದು, ಆಗಲ್ಲ.

ಜೆಲ್ ಮನೆಯದ್ದೇ. ಕಾಲು ಕಪ್ ಅಗಸೆ ಬೀಜ, ಎರಡು ಕಪ್ ನೀರು, ಸಣ್ಣ ಉರಿಯಲ್ಲಿ ಹತ್ತು ನಿಮಿಷದ ಹತ್ತಿರ. ಚಮಚ ಎತ್ತಿದಾಗ ಲೋಳೆ ದಾರವಾಗಿ ಇಳಿಯುತ್ತಿದ್ದ ಹಾಗೇ ಒಲೆ ಆರಿಸಿ, ಬಿಸಿಯಿರುವಾಗಲೇ ಸ್ಟಾಕಿಂಗಿನಲ್ಲಿ ಸೋಸಬೇಕು. ತಣ್ಣಗಾದರೆ ಯಾರಪ್ಪ ಹಿಂಡಿದರೂ ಇಳಿಯಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿ. ಬೆಂಡೆಕಾಯಿ ಲೋಳೆಯಲ್ಲೂ ಮಾಡಿ ನೋಡಿದೆ. ನುಣುಪು ಅದರದ್ದೇ ಹೆಚ್ಚು, ಹಿಡಿತ ಇಲ್ಲ, ಎರಡೇ ದಿನಕ್ಕೆ ಕೆಡುತ್ತದೆ. ಗ್ಲಿಸರಿನ್ ಬೆರೆಸಿದರೆ ಹವೆಯಲ್ಲಿ ತೇವವಿರುವ ದಿನ ತುರುಬು ಊದಿಕೊಳ್ಳುತ್ತದೆ, ಒಣ ಹವೆಯಲ್ಲಿ ಕೂದಲು ಇನ್ನಷ್ಟು ಒರಟು. ನಾನಂತೂ ಕೈಬಿಟ್ಟೆ.

ಬಾಂಟು ನಾಟ್ಸ್, ಅಂದರೆ ಕೂದಲನ್ನು ತಿರುಚಿ ತಲೆಗೆ ಒತ್ತಿ ಸುತ್ತುವ ಪುಟ್ಟ ಗಂಟುಗಳು, ಯಾಕೆ ಹಾಕಲ್ಲ ಅಂತ ಕೇಳುತ್ತಾರೆ. ಹಾಕಿದ್ದೇನೆ, ಬಿಚ್ಚಿದ ಮೇಲೆ ಬರುವ ಸುರುಳಿ ಚಂದ. ಆದರೆ ಬುಡದಿಂದಲೇ ತಿರುಚುವುದರಿಂದ ನನ್ನ ಅಂಚಿಗೆ ಅದು ಒಗ್ಗಲಿಲ್ಲ, ಮಗ್ಗುಲಾಗಿ ಮಲಗಲಿಕ್ಕೂ ಆಗುತ್ತಿರಲಿಲ್ಲ. ದಾರ ಸುತ್ತುವುದನ್ನೂ ಮಾಡಿದೆ. ಪಶ್ಚಿಮ ಆಫ್ರಿಕಾದ ಯೊರುಬಾ ಹೆಂಗಸರು ಇದಕ್ಕೆ ಇರುನ್ ಕಿಕೊ ಅನ್ನುತ್ತಾರೆ. ನೈಜೀರಿಯಾದ ಛಾಯಾಗ್ರಾಹಕ ಜೆ. ಡಿ. ಒಖೈ ಒಜೈಕೆರೆ 1968ರಿಂದ ತೆಗೆಯುತ್ತ ಬಂದ ಕೇಶವಿನ್ಯಾಸದ ಕಪ್ಪುಬಿಳುಪು ಚಿತ್ರಗಳನ್ನು ನೋಡಿದರೆ ದಾರ ಸುತ್ತಿದ ಕೂದಲು ಕಮಾನಾಗಿ ನಿಲ್ಲುವುದು ಕಾಣುತ್ತದೆ. ಅದನ್ನು ನೋಡಿಯೇ ಹುಚ್ಚು ಹತ್ತಿದ್ದು. ನಾನು ಮೊದಲು ಬಳಸಿದ್ದು ಹತ್ತಿ ದಾರ, ಕೂದಲಿನ ತೇವವೆಲ್ಲ ಅದಕ್ಕೇ ಹೋಯಿತು. ಆಮೇಲೆ ನೈಲಾನ್ ದಾರದಲ್ಲಿ ಚೆನ್ನಾಗಿಯೇ ಬಂತು, ಡ್ರೈಯರ್ ಇಲ್ಲದೆ ಇಷ್ಟು ನೇರ ಇನ್ಯಾವುದರಲ್ಲೂ ಆಗಿಲ್ಲ. ಕೈ ನೋವು ಮಾತ್ರ ಹೇಳತೀರದು. ವಿಶೇಷ ದಿನಗಳಿಗೆ ಇಟ್ಟುಕೊಂಡಿದ್ದೇನೆ.

ರಾತ್ರಿಗೆ ಸ್ಯಾಟಿನ್ ಟೋಪಿ. ನಾಲ್ಕನೇ ದಿನ ತುರುಬುಗಳ ಮೇಲೆ ನೀರು ಸ್ಪ್ರೇ, ಅಷ್ಟೇ. ವಾರ, ಹೆಚ್ಚೆಂದರೆ ಹತ್ತು ದಿನಕ್ಕೆ ಬಿಚ್ಚುತ್ತೇನೆ. ಬಿಚ್ಚಿದಾಗ ಕೈಗೆ ಬರುವ ಕೂದಲಿನ ರಾಶಿ ನೋಡಿ ಗಾಬರಿಯಾಗಬೇಡಿ. ದಿನಕ್ಕೆ 50ರಿಂದ 100 ಉದುರುವುದು ಸಹಜ, ವಾರದ್ದೆಲ್ಲ ತುರುಬಿನೊಳಗೇ ಕೂತಿರುತ್ತದೆ. ಒಂದೊಂದನ್ನೇ ಬೆಳಕಿಗೆ ಹಿಡಿಯಿರಿ: ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಬುಡದಿಂದ ಉದುರಿದ್ದು, ಇಲ್ಲದಿದ್ದರೆ ಮುರಿದದ್ದು. ಮುಂಚೆ ನನಗೆ ಅರ್ಧಕ್ಕರ್ಧ ಮುರಿದದ್ದೇ ಸಿಗುತ್ತಿತ್ತು, ಈಗ ಹುಡುಕಿದರೆ ನಾಲ್ಕಾರು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತಲೇ ಇರುತ್ತದೆ. ತುರುಬು ಕಟ್ಟಿದ ಮಾತ್ರಕ್ಕೆ ಹೆಚ್ಚು ಬೆಳೆಯಲ್ಲ, ಬೆಳೆದದ್ದು ಉಳಿಯುತ್ತದೆ. ಹಿಂದೆ ವರ್ಷಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಉಳಿದರೆ ಹೆಚ್ಚು, ಕಳೆದ ವರ್ಷ ಹತ್ತರ ಹತ್ತಿರ ಉಳಿದಿದೆ. ಖರ್ಚು ಮೊದಲಿನ ಕಾಲುಭಾಗವೂ ಇಲ್ಲ: ಎಣ್ಣೆ, ಕಂಡೀಷನರ್, ಬೀಜ. ಸ್ಟಾಕಿಂಗ್ ಹೇಗೂ ಹರಿದದ್ದೇ.

"ಚಿಕ್ಕ ಹುಡುಗಿ ಥರ ಕಾಣ್ತಿದೀಯ, ಮೀಟಿಂಗಿಗೆ ಹೀಗೇ ಹೋಗ್ತೀಯಾ?" ಅಂದಿದ್ದಳು ಅಕ್ಕ. ಹೋದೆ. ಎಲ್ಲ ತುರುಬನ್ನೂ ಹಿಂದಕ್ಕೆ ಬಾಗಿಸಿ ಪಿನ್ ಮಾಡಿದರೆ ಎದುರಿನಿಂದ ಒಂದೇ ದೊಡ್ಡ ತುರುಬಿನ ಹಾಗೆ ಕಾಣುತ್ತದೆ. ಅಕ್ಕನ ಮಗಳಿಗೂ ಈಗ ನಾನೇ ಕಟ್ಟುವುದು. ಮಕ್ಕಳಿಗೆ ನಾಲ್ಕೇ ಸಾಕು, ಪಿನ್ ಬೇಡ, ಉಂಗುರಕ್ಕೆ ಒಂದೂವರೆ ಸುತ್ತು. ಮೊದಲೆಲ್ಲ ಬಾಚಣಿಗೆ ಕಂಡರೆ ಮಂಚದಡಿ ಸೇರುತ್ತಿದ್ದ ಹುಡುಗಿ ಈಗ ಕೂತಲ್ಲೇ ನಿದ್ದೆ ಮಾಡುತ್ತಾಳೆ. ಅಕ್ಕ ತನ್ನ ಹಳೇ ಸ್ಟಾಕಿಂಗ್ ಎಲ್ಲ ನನಗೇ ಎತ್ತಿಡುತ್ತಾಳೆ, ಸೋತೆ ಅಂತ ಮಾತ್ರ ಬಾಯಿಬಿಟ್ಟು ಹೇಳಲ್ಲ.

ಇನ್ನೂ ಬಗ್ಗದಿರುವುದು ಹಿಂದಿನ ಎರಡು ತುರುಬು. ಅಲ್ಲಿಯ 4ಬಿ ಗಿಡ್ಡ, ಜಾರುವ ಕೂದಲು, ಕಾಲರಿಗೆ ಉಜ್ಜಿ ಮೂರನೇ ದಿನಕ್ಕೆ ಸಡಿಲವಾಗುತ್ತದೆ. ಎರಡನ್ನೂ ಸೇರಿಸಿ ಒಂದು ಮಾಡಿದರೆ ಭಾರಕ್ಕೆ ಕೆಳಗೆ ಜಗ್ಗುತ್ತದೆ, ಮೂರು ಮಾಡಿದರೆ ಸುತ್ತಲು ಉದ್ದ ಸಾಲದು. ಸದ್ಯಕ್ಕೆ ಅವೆರಡನ್ನು ಮಾತ್ರ ಮೂರನೇ ದಿನ ಬಿಚ್ಚಿ, ಚೂರು ನೀರು ಮುಟ್ಟಿಸಿ, ಕಾಲರಿಗೆ ತಾಗದಷ್ಟು ಮೇಲಕ್ಕೆ ಸುತ್ತುತ್ತಿದ್ದೇನೆ.