ಹಳೇ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗೆ ಫಿಲ್ ಫ್ಲ್ಯಾಶ್: ಕೊಳ್ಳುವ ಮೊದಲು ಶಟರ್ ನೋಡಿ

ಬಿಸಿಲಿಗೆ ಬೆನ್ನು ಮಾಡಿ ನಿಂತವರ ಫೋಟೋ ತೆಗೆದರೆ ಕೂದಲಿನ ಅಂಚು ಹೊಳೆಯುತ್ತದೆ, ಮುಖ ಕಪ್ಪಾಗುತ್ತದೆ. ಮುಖಕ್ಕೆ ತಕ್ಕಂತೆ ಎಕ್ಸ್‌ಪೋಷರ್ ಇಟ್ಟರೆ ಹಿಂದಿನ ಆಕಾಶ ಬಿಳಿಚಿಕೊಳ್ಳುತ್ತದೆ. ನಡುಹಗಲಲ್ಲಿ ಇನ್ನೊಂದು ತೊಂದರೆ: ಹುಬ್ಬಿನ ನೆರಳು ಬಿದ್ದು ಕಣ್ಣೇ ಕಾಣುವುದಿಲ್ಲ. ಈ ನೆರಳುಗಳಿಗೆ ಒಂದಿಷ್ಟು ಬೆಳಕು ತುಂಬಲು ಫಿಲ್ ಫ್ಲ್ಯಾಶ್ ಬೇಕು. ಹಳೇ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ (120 ಫಿಲ್ಮ್ ಹಾಕುವ, ದೊಡ್ಡ ಫ್ರೇಮಿನದು) ಇಟ್ಟುಕೊಂಡವರು ಮೊದಲು ಕೇಳುವುದು "ಎಷ್ಟು ಪವರ್ ಇರೋದು ತಗೋಬೇಕು?" ಅಂತ. ಅದಕ್ಕೆ ಉತ್ತರ ಹೇಳಬೇಕಾದದ್ದು ಕ್ಯಾಮೆರಾದ ಶಟರ್.

ಮೊದಲ ಹೆಜ್ಜೆ: ಶಟರ್ ಎಲ್ಲಿದೆ?

ಹ್ಯಾಸಲ್‌ಬ್ಲಾಡ್ 500 ಸಿ/ಎಂ, ರೋಲಿಫ್ಲೆಕ್ಸ್, ಯಾಶಿಕಾ ಮ್ಯಾಟ್ 124 ಜಿ, ಬ್ರಾನಿಕಾ ಇಟಿಆರ್‌ಎಸ್ ಇವುಗಳಲ್ಲಿ ಶಟರ್ ಲೆನ್ಸ್‌ನೊಳಗೇ ಇರುತ್ತದೆ. ಇದನ್ನು ಲೀಫ್ ಶಟರ್ ಅನ್ನುತ್ತಾರೆ. 1/500 ಸೆಕೆಂಡಿನವರೆಗೆ ಯಾವ ವೇಗದಲ್ಲಾದರೂ ಫ್ಲ್ಯಾಶ್ ಜೊತೆ ಹೊಂದುತ್ತದೆ. ಮಾಮಿಯಾ ಆರ್‌ಬಿ67ರಲ್ಲೂ ಇದೇ ವ್ಯವಸ್ಥೆ, ಮಿತಿ 1/400.

ಪೆಂಟಾಕ್ಸ್ 67, ಕೀವ್ 88, ಪೆಂಟಕಾನ್ ಸಿಕ್ಸ್, ಮಾಮಿಯಾ 645 ಇವುಗಳಲ್ಲಿ ಶಟರ್ ಫಿಲ್ಮ್‌ನ ಮುಂದೆ ಪರದೆಯಂತೆ ಓಡುತ್ತದೆ. ಅದು ಪೂರ್ತಿ ತೆರೆದಿರುವಾಗಲೇ ಫ್ಲ್ಯಾಶ್ ಹೊಡೆಯಬೇಕು. ಪೆಂಟಾಕ್ಸ್ 67ರಲ್ಲಿ ಅದಕ್ಕೆ ಮಿತಿ 1/30, ಮಾಮಿಯಾ 645ರಲ್ಲಿ 1/60. ಅದಕ್ಕಿಂತ ವೇಗ ಹೆಚ್ಚಿಸಿದರೆ ಚಿತ್ರದ ಒಂದು ಭಾಗಕ್ಕೆ ಫ್ಲ್ಯಾಶ್ ಬೆಳಕೇ ಸಿಗುವುದಿಲ್ಲ.

ಎರಡನೇ ಹೆಜ್ಜೆ: ಲೆಕ್ಕ ಹಾಕಿ

ಐಎಸ್‌ಒ 100 ಫಿಲ್ಮ್, ಪೂರ್ತಿ ಬಿಸಿಲು. ಹಳೇ ಕೈಲೆಕ್ಕದ ಪ್ರಕಾರ 1/125ಕ್ಕೆ ಎಫ್ 16. (ಎಫ್ ಅಂದರೆ ಲೆನ್ಸ್‌ನ ಕಿಂಡಿಯ, ಅಂದರೆ ಅಪರ್ಚರ್‌ನ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು.) ಅದೇ ಬೆಳಕಿಗೆ 1/500 ಇಟ್ಟರೆ ಎಫ್ 8 ಸಾಕು, 1/30 ಇಟ್ಟರೆ ಎಫ್ 32 ಬೇಕು.

ಈಗ ಫ್ಲ್ಯಾಶ್‌ನ ಪವರ್ ತಿಳಿಸುವ ಗೈಡ್ ನಂಬರ್ ನೋಡೋಣ. ದೂರವನ್ನು ಅಪರ್ಚರ್‌ನಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಎದುರಿನವರು 3 ಮೀಟರ್ ದೂರದಲ್ಲಿದ್ದಾರೆ ಅಂದುಕೊಳ್ಳಿ. ಲೀಫ್ ಶಟರ್‌ನವರಿಗೆ 3 ಗುಣಿಲೆ 8, ಅಂದರೆ 24. ಪರದೆ ಶಟರ್‌ನವರಿಗೆ 3 ಗುಣಿಲೆ 32, ಅಂದರೆ 96! ಇದು ಬಿಸಿಲಿಗೆ ಸಮನಾದ ಫ್ಲ್ಯಾಶ್‌ನ ಲೆಕ್ಕ. ಫಿಲ್ ಅಂದರೆ ಅಷ್ಟು ಬೇಡ, ಒಂದು ಅಥವಾ ಎರಡು ಸ್ಟಾಪ್ ಕಮ್ಮಿ ಇರಬೇಕು (ಒಂದು ಸ್ಟಾಪ್ ಕಮ್ಮಿ ಅಂದರೆ ಬೆಳಕು ಅರ್ಧ). ಒಂದು ಸ್ಟಾಪ್ ಕಮ್ಮಿಗೆ 1.4ರಿಂದ ಭಾಗಿಸಿ, ಎರಡಕ್ಕೆ 2ರಿಂದ. ಒಂದು ಸ್ಟಾಪ್ ಕಮ್ಮಿಗೆ ಲೀಫ್ ಶಟರ್‌ನವರಿಗೆ 17 ಸಾಕಾಗುತ್ತದೆ. ಜೇಬಿನಲ್ಲಿ ಹಿಡಿಯುವ ಫ್ಲ್ಯಾಶ್ ಆ ಕೆಲಸ ಮಾಡುತ್ತದೆ. ಇನ್ನೊಬ್ಬರಿಗೆ 68 ಬೇಕು.

ಹಿಡಿಕೆ ಇರುವ ದೊಡ್ಡ ಮೆಟ್ಜ್ 45ರ ಗೈಡ್ ನಂಬರ್ 45. ಅದನ್ನು ಪೂರ್ತಿ ಹೊಡೆದರೂ ಪೆಂಟಾಕ್ಸ್ 67ರವರಿಗೆ ಬಿಸಿಲಿಗಿಂತ ಎರಡು ಸ್ಟಾಪ್ ಕೆಳಗೇ ಸಿಗುತ್ತದೆ. ಬೆಳಕು ಮೆದುವಾಗಲಿ ಅಂತ ಫ್ಲ್ಯಾಶ್ ಮುಂದೆ ಬಿಳಿ ಬಟ್ಟೆ ಕಟ್ಟಿದರೆ ಇನ್ನೂ ಕಮ್ಮಿ. ಲೆನ್ಸ್‌ಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. ಅದು ಬಿಸಿಲನ್ನೂ ಫ್ಲ್ಯಾಶನ್ನೂ ಒಟ್ಟಿಗೇ ತಗ್ಗಿಸುತ್ತದೆ. ಪರದೆ ಶಟರ್‌ನವರು ಫ್ಲ್ಯಾಶ್ ದೊಡ್ಡದು ಮಾಡುತ್ತಾ ಹೋಗುವ ಬದಲು ಮರದ ನೆರಳಿಗೆ ಹೋಗಲಿ ಅಥವಾ ಸಂಜೆಗೆ ಕಾಯಲಿ ಅಂತ ನನ್ನ ಸಲಹೆ. ಜೊತೆಗೆ ಟ್ರೈಪಾಡ್ ಇರಲಿ, 1/30ರಲ್ಲಿ ಕೈ ಅಲುಗದೆ ಇರುವುದು ಕಷ್ಟ. ಪೆಂಟಾಕ್ಸ್ 67ಕ್ಕೆ ಒಳಗೇ ಶಟರ್ ಇರುವ 165 ಎಂಎಂ ಲೆನ್ಸ್ ಕೂಡ ಇದೆ. ಬಿಸಿಲಲ್ಲೇ ಪೋರ್ಟ್ರೇಟ್ ಮಾಡುವವರಿಗೆ ದೊಡ್ಡ ಫ್ಲ್ಯಾಶ್‌ಗಿಂತ ಅದೇ ವಾಸಿ.

ಮೂರನೇ ಹೆಜ್ಜೆ: ಯಾವ ಬಗೆಯ ಫ್ಲ್ಯಾಶ್

ಈ ಕ್ಯಾಮೆರಾಗಳಲ್ಲಿ ಬಹುಪಾಲಿಗೆ ಟಿಟಿಎಲ್ (ಲೆನ್ಸ್ ಮೂಲಕ ಬಂದ ಬೆಳಕು ಅಳೆದು ಕ್ಯಾಮೆರಾವೇ ಫ್ಲ್ಯಾಶ್ ನಿಯಂತ್ರಿಸುವ ವ್ಯವಸ್ಥೆ) ಇಲ್ಲ. ಹಾಗಾಗಿ ಹೊಸ ಫ್ಲ್ಯಾಶ್‌ನ ಟಿಟಿಎಲ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಬೇಕಾದದ್ದು ಎರಡರಲ್ಲೊಂದು: ಕೈಯಿಂದ ಪವರ್ ಇಳಿಸುವ ಸೌಕರ್ಯ ಅಥವಾ ಫ್ಲ್ಯಾಶ್‌ನ ಮೈಮೇಲೇ ಸೆನ್ಸರ್ ಇರುವ ಹಳೇ ಥೈರಿಸ್ಟರ್ ಆಟೋ. ವಿವಿಟಾರ್ 283, ಮೆಟ್ಜ್ 45 ಈ ಎರಡನೇ ಜಾತಿಯವು.

ಆಟೋ ಫ್ಲ್ಯಾಶ್‌ನಿಂದ ಫಿಲ್ ಪಡೆಯಲು ಅದಕ್ಕೊಂದು ಸುಳ್ಳು ಹೇಳಬೇಕು. ಲೆನ್ಸ್ ಎಫ್ 8ರಲ್ಲಿದ್ದರೆ ಫ್ಲ್ಯಾಶ್‌ಗೆ ಎಫ್ 4 ಅಂತ ಹೇಳಿ. ಅದು ಎಫ್ 4ಕ್ಕೆ ಸಾಕಾಗುವಷ್ಟೇ ಬೆಳಕು ಬಿಟ್ಟು ನಿಲ್ಲುತ್ತದೆ, ನಿಮಗೆ ಎರಡು ಸ್ಟಾಪ್ ಕಮ್ಮಿ ಸಿಗುತ್ತದೆ. ಎಫ್ 5.6 ಅಂದರೆ ಒಂದು ಸ್ಟಾಪ್ ಕಮ್ಮಿ. ಎದುರಿನ ಬಿಸಿಲು ನೇರ ಸೆನ್ಸರ್‌ಗೆ ಬೀಳುತ್ತಿದ್ದರೆ ಮಾತ್ರ ಆಟೋ ನಂಬಬೇಡಿ, ಮ್ಯಾನುಯಲ್‌ಗೆ ಹೋಗಿ.

ಡಬ್ಬದ ಮೇಲಿನ ಗೈಡ್ ನಂಬರ್ ಓದುವಾಗ ಎಚ್ಚರ. ಅಡಿಯಲ್ಲಿ ಕೊಟ್ಟಿದ್ದರೆ 3.3ರಿಂದ ಭಾಗಿಸಬೇಕು. ವಿವಿಟಾರ್ 283ರ 120 ಅಡಿ ಅಂದರೆ ಸುಮಾರು 36 ಮೀಟರ್. ಹೊಸ ಫ್ಲ್ಯಾಶ್‌ಗಳು ಜೂಮ್ ತಲೆಯನ್ನು ಪೂರ್ತಿ ಎಳೆದಾಗಿನ ಸಂಖ್ಯೆಯನ್ನು ದೊಡ್ಡದಾಗಿ ಬರೆದುಕೊಳ್ಳುತ್ತವೆ. ನಿಮಗೆ ಬೇಕಾದದ್ದು 35 ಎಂಎಂ ಸ್ಥಾನದ ಸಂಖ್ಯೆ, ಅದು ತುಂಬಾ ಚಿಕ್ಕದಿರುತ್ತದೆ. ಚೌಕ ಫ್ರೇಮಿನವರು 80 ಎಂಎಂ ಲೆನ್ಸ್‌ಗೂ ಆ 35ರ ಸ್ಥಾನವನ್ನೇ ಇಡುವುದು ಒಳ್ಳೆಯದು. ಫ್ಲ್ಯಾಶ್ ಬೆಳಕು ಅಡ್ಡಕ್ಕೆ ಅಗಲ, ಮೇಲೆ ಕೆಳಗೆ ಕಮ್ಮಿ. ಚೌಕದಲ್ಲಿ ಆ ಕೊರತೆ ಎದ್ದು ಕಾಣುತ್ತದೆ.

ನಾಲ್ಕನೇ ಹೆಜ್ಜೆ: ಜೋಡಣೆ

ಹಳೇ ಕ್ಯಾಮೆರಾದಲ್ಲಿ ಫ್ಲ್ಯಾಶ್ ಸಿಕ್ಕಿಸುವ ಹಾಟ್ ಶೂ ಇಲ್ಲದಿದ್ದರೆ ಕ್ಯಾಮೆರಾದಿಂದ ಫ್ಲ್ಯಾಶ್‌ಗೆ ಹೋಗುವ ಪಿಸಿ ಕೇಬಲ್ ಬೇಕು. ಇಡೀ ವ್ಯವಸ್ಥೆಯಲ್ಲಿ ಮೊದಲು ಕೈಕೊಡುವುದು ಇದೇ. ಎರಡು ಕೇಬಲ್ ಇಟ್ಟುಕೊಳ್ಳಿ. ಸಾಕೆಟ್ ಪಕ್ಕದಲ್ಲಿ ಎಕ್ಸ್, ಎಂ ಅಂತ ಸಣ್ಣ ಲಿವರ್ ಇದ್ದರೆ ಎಕ್ಸ್‌ಗೇ ಇಡಿ. ಎಂ ಇರುವುದು ಹಳೇ ಕಾಲದ ಫ್ಲ್ಯಾಶ್ ಬಲ್ಬ್‌ಗಳಿಗೆ. ಬಲ್ಬ್ ಹೊತ್ತಿಕೊಳ್ಳಲು ಸಮಯ ಬೇಕು ಅಂತ ಶಟರ್ ತೆರೆಯುವ ಮೊದಲೇ ಕಿಡಿ ಹೋಗುತ್ತದೆ. ಎಲೆಕ್ಟ್ರಾನಿಕ್ ಫ್ಲ್ಯಾಶ್ ಅಷ್ಟರಲ್ಲಿ ಹೊಡೆದು ಮುಗಿಸಿರುತ್ತದೆ. ನಿಮ್ಮ ಕಣ್ಣಿಗೆ ಮಿಂಚು ಕಾಣುತ್ತದೆ, ಫಿಲ್ಮ್ ಮೇಲೆ ಅದರ ಗುರುತೇ ಇರುವುದಿಲ್ಲ. ಕೆಲವು ಲಿವರ್‌ಗಳಲ್ಲಿ ವಿ ಅಂತಲೂ ಇರುತ್ತದೆ. ಅದು ಸೆಲ್ಫ್ ಟೈಮರ್. ಹಳೇದರಲ್ಲಿ ಅರ್ಧಕ್ಕೇ ಸಿಕ್ಕಿಕೊಳ್ಳುವುದುಂಟು, ಮುಟ್ಟದಿರುವುದೇ ಲೇಸು.

ಫ್ಲ್ಯಾಶನ್ನು ಬ್ರಾಕೆಟ್ ಮೇಲೆ ಲೆನ್ಸ್‌ನ ನೇರಕ್ಕೆ, ಸ್ವಲ್ಪ ಎತ್ತರದಲ್ಲಿ ಇಡಿ. ಚೌಕ ಫ್ರೇಮಿನವರಿಗೂ ಆರ್‌ಬಿ67ರ ತಿರುಗುವ ಬ್ಯಾಕ್ ಇರುವವರಿಗೂ ಕ್ಯಾಮೆರಾ ಅಡ್ಡ ತಿರುಗಿಸುವ ಪ್ರಮೇಯವೇ ಇಲ್ಲ, ನೆರಳು ಯಾವಾಗಲೂ ಗಲ್ಲದ ಕೆಳಗೇ ಬೀಳುತ್ತದೆ. 645ರವರು ಉದ್ದ ಚಿತ್ರಕ್ಕೆ ಕ್ಯಾಮೆರಾ ತಿರುಗಿಸಿದರೆ ಫ್ಲ್ಯಾಶ್ ಪಕ್ಕಕ್ಕೆ ಹೋಗುತ್ತದೆ.

ಹಳೇ ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್ (ಕ್ಯಾಮೆರಾದ ಸಂಪರ್ಕಕ್ಕೆ ಫ್ಲ್ಯಾಶ್‌ನಿಂದ ಬರುವ ವೋಲ್ಟೇಜ್) ಕೆಲವೊಮ್ಮೆ 200 ವೋಲ್ಟ್ ದಾಟುತ್ತದೆ. ವಿವಿಟಾರ್ 283ರ ಮೊದಮೊದಲ ಪ್ರತಿಗಳು ಇದಕ್ಕೇ ಹೆಸರಾದವು. ಪೂರ್ತಿ ಮೆಕ್ಯಾನಿಕಲ್ ಕ್ಯಾಮೆರಾ ಇದನ್ನು ತಡೆದುಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಶಟರ್ ಇರುವ ಕ್ಯಾಮೆರಾ, ರೇಡಿಯೋ ಟ್ರಿಗರ್, ಡಿಜಿಟಲ್ ಕ್ಯಾಮೆರಾ ಸುಟ್ಟುಹೋಗಬಹುದು. ಮಲ್ಟಿಮೀಟರನ್ನು ಡಿಸಿಯ ದೊಡ್ಡ ರೇಂಜ್‌ಗೆ ಇಟ್ಟು, ಫ್ಲ್ಯಾಶ್ ಚಾರ್ಜ್ ಆದ ಮೇಲೆ ಶೂ ನಡುವಿನ ಪಿನ್ನಿಗೂ ಅಂಚಿನ ಲೋಹಕ್ಕೂ ಹಿಡಿದು ಅಳೆಯಿರಿ. ಫ್ಲ್ಯಾಶ್ ಬಿಚ್ಚಲು ಮಾತ್ರ ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ.

ಐದನೇ ಹೆಜ್ಜೆ: ಪರೀಕ್ಷೆ

ಫಿಲ್ಮ್ ಇಲ್ಲದೆ ಕ್ಯಾಮೆರಾದ ಬ್ಯಾಕ್ ತೆಗೆದು, ಲೆನ್ಸ್ ಪೂರ್ತಿ ತೆರೆದು, ಬಿಳಿ ಗೋಡೆಗೆ ಫ್ಲ್ಯಾಶ್ ಹೊಡೆಯುತ್ತಾ ಹಿಂದಿನಿಂದ ನೋಡಿ. ಲೀಫ್ ಶಟರ್‌ನಲ್ಲಿ ಪೂರ್ತಿ ದುಂಡಗಿನ ಬೆಳಕು ಕಾಣಬೇಕು. ಮೊನೆಗಳಿರುವ ನಕ್ಷತ್ರದಂತೆ ಕಂಡರೆ ಫ್ಲ್ಯಾಶ್ ಹೊಡೆದ ಗಳಿಗೆಗೆ ಶಟರ್ ಪೂರ್ತಿ ತೆರೆದಿರಲಿಲ್ಲ. ಅಗ್ಗದ ರೇಡಿಯೋ ಟ್ರಿಗರ್‌ಗಳು 1/500ರಲ್ಲಿ ತಡವಾಗಿ ಹೊಡೆಯುವುದೂ ಇಲ್ಲೇ ಸಿಕ್ಕಿಬೀಳುತ್ತದೆ.

ಆರ್‌ಬಿ67ರವರಿಗೆ ಒಂದು ಮಾತು. 127 ಎಂಎಂ ಲೆನ್ಸ್‌ನಲ್ಲಿ ಬೆಲ್ಲೋಸ್ (ಫೋಕಸ್‌ಗಾಗಿ ಲೆನ್ಸನ್ನು ಮುಂದೆ ಹಿಂದೆ ಸರಿಸುವ ಮಡಿಕೆಯ ಭಾಗ) ಪೂರ್ತಿ ಎಳೆದರೆ ಹತ್ತಿರ ಹತ್ತಿರ ಒಂದು ಸ್ಟಾಪ್ ಬೆಳಕು ಕಮ್ಮಿಯಾಗುತ್ತದೆ. ಬಿಸಿಲಿನ ಮತ್ತು ಫ್ಲ್ಯಾಶ್‌ನ ಲೆಕ್ಕ ಎರಡನ್ನೂ ಮೊದಲು ಮಾಡಿ, ಕೊನೆಗೆ ಅಪರ್ಚರ್ ಅಷ್ಟು ತೆರೆಯಿರಿ.

ಆಮೇಲೆ ಒಂದು ರೋಲ್ ಪರೀಕ್ಷೆಗೆ ಮೀಸಲಿಡಿ. 120 ಫಿಲ್ಮ್‌ನಲ್ಲಿ ಚೌಕ ಫ್ರೇಮ್ 12, 6×7 ಆದರೆ 10. ಅದೇ ಮುಖ, ಅದೇ ಜಾಗ: ಫ್ಲ್ಯಾಶ್ ಇಲ್ಲದೆ ಒಂದು, ಎರಡು ಸ್ಟಾಪ್ ಕಮ್ಮಿಯಲ್ಲಿ ಒಂದು, ಒಂದು ಸ್ಟಾಪ್ ಕಮ್ಮಿಯಲ್ಲಿ ಒಂದು. ಬಿಸಿಲಲ್ಲಿ ಒಮ್ಮೆ, ನೆರಳಲ್ಲಿ ಒಮ್ಮೆ. ಪ್ರತಿ ಫ್ರೇಮಿನ ದೂರ, ಅಪರ್ಚರ್, ಶಟರ್ ವೇಗ ಬರೆದಿಡಿ. ಲ್ಯಾಬ್‌ನವರಿಗೆ ಎಲ್ಲ ಫ್ರೇಮನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಸ್ಕ್ಯಾನ್ ಮಾಡಲು ಹೇಳಿ. ಇಲ್ಲದಿದ್ದರೆ ಸ್ಕ್ಯಾನರ್ ಎಲ್ಲವನ್ನೂ ತಾನೇ ಸರಿಮಾಡಿಬಿಡುತ್ತದೆ, ಯಾವುದರಲ್ಲಿ ಫಿಲ್ ಎಷ್ಟಿತ್ತು ಅಂತ ಗೊತ್ತೇ ಆಗುವುದಿಲ್ಲ.