ಸೌಂಡ್ ಆಫ್ ಮಾಡಿ ನೋಡಿದ ಚಾರ್ಮಾಂಡರ್ ಎಪಿಸೋಡ್: ನನ್ನ ಅನುಭವ

ಹಳೇ ಜಪಾನೀಸ್ ಕಾರ್ಟೂನ್ ಪೋಕೆಮಾನ್‌ನ ಒಂದೊಂದೇ ಎಪಿಸೋಡ್ ತಗೊಂಡು ಕನ್ನಡದಲ್ಲಿ ವಿಮರ್ಶೆ ಮಾಡ್ತೀನಿ ಅಂದಾಗ ಮಂಡ್ಯದಲ್ಲಿ ನಮ್ ಹುಡುಗ್ರು "ಮಕ್ಳು ಕಾರ್ಟೂನ್ ಕಣ್ಲಾ ಅದು, ಇಪ್ಪತ್ ನಿಮಿಷದ್ದಕ್ಕೆ ಒಂದ್ ಗಂಟೆ ಏನ್ ಮಾತಾಡ್ತೀಯ, ಯಾವನ್ ಕೇಳ್ತಾನೆ" ಅಂದಿದ್ರು. ಈಗ 11ನೇ ಎಪಿಸೋಡ್ ಮೇಲೆ ಮಾಡಿದ ಆಡಿಯೋನ ಅರ್ಧಕ್ಕಿಂತ ಜಾಸ್ತಿ ಜನ ಕೊನೇವರ್ಗೂ ಕೇಳ್ತಿದಾರೆ, ಅದಕ್ಕೇ ಹೆಂಗ್ ಮಾಡ್ದೆ ಅಂತ ಬರೀತಿದೀನಿ. ಮಳೇಲಿ ಬಂಡೆ ಮೇಲೆ ಚಾರ್ಮಾಂಡರ್ ಅನ್ನೋ ಬಾಲದಲ್ಲಿ ಬೆಂಕಿ ಇರೋ ಪೋಕೆಮಾನ್ ಪ್ರಾಣಿ ಕಾಯ್ತಾ ಕೂತಿರುತ್ತಲ್ಲ, ಅದು.

ದುಡ್ಡು ಕಳೆದಿದ್ದು ಬೇಜಾನ್. ಮೊದ್ಲು ಎಲ್ಲರ ಥರ ಕ್ಲಿಪ್ ಹಾಕಿ ವಿಡಿಯೋ ಮಾಡ್ತಿದ್ದೆ, ಒಂದರ ಹಿಂದೆ ಒಂದು ಕಾಪಿರೈಟ್ ಕ್ಲೇಮ್ ಬಂತು, ನಿದ್ದೆಗೆಟ್ಟು ಎಡಿಟ್ ಮಾಡಿದ್ದೆಲ್ಲ ಹೋಯ್ತು. ಆಮೇಲೆ ಎಲ್ಲರನ್ನೂ ಕೂರಿಸ್ಕೊಂಡು ನೋಡಿ ಮಾತಾಡೋಣ ಅಂತ ಸೆಕೆಂಡ್‌ಹ್ಯಾಂಡ್ ಪ್ರೊಜೆಕ್ಟರ್ ತಂದೆ, ಎಂಟೊಂಬತ್ ಸಾವ್ರ ಇರ್ಬೇಕು, ಎರಡ್ ತಿಂಗ್ಳಿಗೆ ಲ್ಯಾಂಪ್ ಢಮಾರ್, ಹೊಸಾ ಲ್ಯಾಂಪಿನ ರೇಟಿಗೆ ಇನ್ನೊಂದ್ ಸ್ವಲ್ಪ ಹಾಕಿದ್ರೆ ಇನ್ನೊಂದು ಪ್ರೊಜೆಕ್ಟರೇ ಬರ್ತಿತ್ತು. ಈಗ ಮೈಕು ಹೆಡ್‌ಫೋನು ಸೇರಿ ಮೂರ್ ಸಾವ್ರ ಚಿಲ್ರೆ, ಒಂದ್ ನೋಟ್‌ಬುಕ್ಕು, ಅಷ್ಟೇ.

ಮೊದಲನೇ ಸಲ ಪೂರ್ತಿ ಮ್ಯೂಟ್. 1997ರ ಎಪಿಸೋಡು, ಸೆಲ್ ಅನ್ನೋ ಪಾರದರ್ಶಕ ಹಾಳೆ ಮೇಲೆ ಕೈಯಲ್ಲಿ ಬಣ್ಣ ಹಚ್ಚಿದ ಕಾಲ, ಬಾಯಿ ಮಾತ್ರ ಅಲ್ಲಾಡಿಸಿ ದುಡ್ಡು ಉಳಿಸೋದು ಮಾಮೂಲಿ. ಸೌಂಡ್ ಇದ್ರೆ ಇದು ಗೊತ್ತಾಗಲ್ಲ, ತೆಗೆದ್ರೆ ಯಾವ ಸೀನ್ ನಿಂತ್ಕೊಳ್ಳುತ್ತೆ ಯಾವ್ದು ಬೀಳುತ್ತೆ ಅಂತ ಕಣ್ಣಿಗೆ ಹೊಡೆಯುತ್ತೆ. ಬಾಲದ ಬೆಂಕಿ ಆರಿದ್ರೆ ಜೀವ ಹೋಗುತ್ತೆ ಅಂತ ಚಾರ್ಮಾಂಡರ್ ಎಲೆ ಅಡ್ಡ ಹಿಡ್ಕೊಳ್ಳೋದಕ್ಕೆ ಒಂದ್ ಮಾತೂ ಬೇಡ. ಅದನ್ನ ಬಿಟ್ಟು ಹೋದ ಹಳೇ ಯಜಮಾನ ಡೇಮಿಯನ್ ಸೀನು ಮ್ಯೂಟಲ್ಲಿ ಬಿದ್ದೇ ಹೋಗುತ್ತೆ, ಅವನ ಕೆಟ್ಟತನ ಎಲ್ಲ ಡೈಲಾಗಲ್ಲೇ ಇರೋದು. ಟೀಮ್ ರಾಕೆಟ್ ಅನ್ನೋ ಕಳ್ಳರ ಗ್ಯಾಂಗ್ ಬಂದು ಹೀರೋ ಆಶ್ ಜೊತೆಗಿರೋ ಪಿಕಾಚುನ ಹೊತ್ಕೊಂಡು ಹೋಗೋ ಭಾಗ ಬೇರೆ ಯಾವ ಎಪಿಸೋಡಿಗೆ ಅಂಟಿಸಿದ್ರೂ ನಡೀತಿತ್ತು.

ಎರಡನೇ ಸಲ ಕಣ್ಮುಚ್ಕೊಂಡು ಬರೀ ಸೌಂಡು, ಜಪಾನೀಸ್ ಒಂದ್ಸಲ ಇಂಗ್ಲಿಷ್ ಒಂದ್ಸಲ. ಎರಡರಲ್ಲೂ ಪಿಕಾಚುಗೆ ಜಪಾನಿನ ಕಲಾವಿದೆ ಇಕುಯೆ ಓತಾನಿ ಅವರದೇ ದನಿ, ಹಂಗಾಗಿ ಅದನ್ನ ಗುರುತಿಟ್ಕೊಂಡು ಬೇರೇದೆಲ್ಲ ಎಲ್ಲೆಲ್ಲಿ ಬದಲಾಗಿದೆ ಅಂತ ಹಿಡೀಬೋದು. ಇದಾದ್ಮೇಲೆ ನೋಟ್‌ಬುಕ್ಕಲ್ಲಿ ಒಂದು ಕೆಲಸ ಮಾಡ್ತೀನಿ, ಅದನ್ನ ಇಲ್ಲಿ ಹೇಳಲ್ಲ, ಅದು ನಂದೇ ಇರ್ಲಿ.

ಮೂರನೇದು ಬೀದಿ ಮಕ್ಕಳ ಜೊತೆ. ಲೈಟ್ ಹಾಕೇ ತೋರಿಸ್ರಪ್ಪ, ಟಿವಿಯಿಂದ ದೂರ ಕೂರಿಸಿ. 1997ರ ಡಿಸೆಂಬರ್ 16ಕ್ಕೆ ಪೋರಿಗಾನ್ ಅನ್ನೋ ಪೋಕೆಮಾನ್ ಬರೋ ಎಪಿಸೋಡಲ್ಲಿ ಕೆಂಪು ನೀಲಿ ಪಟಪಟ ಮಿನುಗಿದ್ದಕ್ಕೆ ಜಪಾನಲ್ಲಿ 600ಕ್ಕಿಂತ ಜಾಸ್ತಿ ಜನ, ಅದ್ರಲ್ಲೂ ಮಕ್ಕಳೇ, ಆಸ್ಪತ್ರೆ ಸೇರಿದ್ರು, ಸೀರಿಯಲ್ಲೇ ನಾಲ್ಕು ತಿಂಗಳು ನಿಂತಿತ್ತು.

ನನ್ನ ವಿಮರ್ಶೆಯ ಮುಖ್ಯ ಪಾಯಿಂಟ್ ಬಂದಿದ್ದೂ ಇಲ್ಲೇ. ನಾಲ್ಕನೇ ಕ್ಲಾಸ್ ಹುಡುಗಿ "ಮಾಮ, ಜಗಳ ಆಡಿದ್ದು ಬ್ರಾಕ್ ಅಲ್ವಾ, ಅವನಿಗೇ ಚಾರ್ಮಾಂಡರ್ ಕೊಡ್ಬೋದಿತ್ತಲ್ಲ" ಅಂದ್ಳು. ಸರಿಯಾಗೇ ಕೇಳಿದ್ಳು. ಡೇಮಿಯನ್ ಮೇಲೆ ರೇಗಿ ಎದ್ದೋನು ಆಶ್ ಗೆಳೆಯ ಬ್ರಾಕ್, ಚಾರ್ಮಾಂಡರ್ ಸೇರಿದ್ದು ಆಶ್ ಕೈಗೆ. 10, 11, 12ನೇ ಎಪಿಸೋಡ್ ಮೂರನ್ನೂ ಒಟ್ಟಿಗೆ ಹಾಕಿ ನೋಡಿದ್ರೆ ಕಾರಣ ಕಾಣುತ್ತೆ: ಬುಲ್ಬಾಸಾರ್, ಚಾರ್ಮಾಂಡರ್, ಸ್ಕ್ವರ್ಟಲ್ ಮೂರೂ ವಾರಕ್ಕೊಂದರಂತೆ ಆಶ್‌ಗೆ ಸಿಗಬೇಕಿತ್ತು. 1996ರ ಪೋಕೆಮಾನ್ ವಿಡಿಯೋ ಗೇಮಲ್ಲಿ ಶುರುವಿಗೆ ಮೂರರಲ್ಲಿ ಒಂದನ್ನೇ ಆರಿಸ್ಬೇಕು, ಆ ಆರಿಸೋ ಸಂಕಟನೇ ಇಲ್ಲಿ ಇಲ್ಲ. ಇಷ್ಟು ಚೆನ್ನಾಗಿ ಕಟ್ಟಿದ ಕಥೆಗೆ ಆತುರದ ಮುಕ್ತಾಯ, ನನಗಂತೂ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮಧ್ಯೆ ಡಿಜಿಮಾನ್ ಅನ್ನೋ ಇನ್ನೊಂದು ಜಪಾನೀಸ್ ಕಾರ್ಟೂನಿನ ಮೊದಲ ಎಪಿಸೋಡಿಗೂ ಇದೇ ಮ್ಯೂಟ್ ಪ್ರಯೋಗ ಮಾಡ್ದೆ, 1999ರದ್ದು. ಏಳು ಮಕ್ಕಳನ್ನ ಒಟ್ಟಿಗೆ ಪರಿಚಯ ಮಾಡ್ಸೋದ್ರಿಂದ ಮಾತಿಲ್ದೆ ಏನೂ ಹಿಡಿಯಕ್ಕಾಗಲ್ಲ, ಅದಕ್ಕೆ ಬೇರೆ ದಾರಿನೇ ಬೇಕು, ಹುಡುಕ್ತಿದೀನಿ.

ಮುಂದಿಂದು ಪೋಕೆಮಾನ್ 21ನೇ ಎಪಿಸೋಡು, ಆಶ್ ತನ್ನ ಪೋಕೆಮಾನ್ ಬಟರ್‌ಫ್ರೀನ ಬಿಟ್ಟು ಕಳ್ಸೋದು. ಮ್ಯೂಟ್ ಮುಗ್ದಿದೆ, ಮೈಸೂರಲ್ಲಿ ಯಾರಾದ್ರೂ ಇದೇ ಥರ ಮಾಡ್ತಿದ್ರೆ ಸೌಂಡ್ ರೌಂಡಿಗೆ ಜೊತೆಗೆ ಕೂರೋಣ ಬನ್ನಿ.