ಪತ್ನಿ ಕೇಳಿಸಿಕೊಂಡದ್ದು, ಕೈಗಡಿಯಾರ ಬರೆದಿಟ್ಟದ್ದು

ಗೊರಕೆ ತಟ್ಟನೆ ನಿಂತು, ಕೆಲವು ಕ್ಷಣ ಉಸಿರೇ ಕೇಳಿಸದೆ, ಆಮೇಲೆ ನಾನು ಏದುಸಿರಿನಿಂದ ಗಾಳಿ ಎಳೆದುಕೊಳ್ಳುತ್ತೇನೆಂದು ನನ್ನ ಪತ್ನಿ ಎರಡು ವರ್ಷಗಳಿಂದ ಹೇಳುತ್ತಿದ್ದಳು. ದಣಿವಿಗೆ ಹಾಗಾಗುತ್ತದೆ ಎಂದು ನಾನು ತಳ್ಳಿಹಾಕುತ್ತಿದ್ದೆ; ಅದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ, ಎಂದು ಆಗ ಗೊತ್ತಿರಲಿಲ್ಲ. ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆ ಭಾರವಾಗಿರುತ್ತಿತ್ತು, ಬಾಯಿ ಒಣಗಿರುತ್ತಿತ್ತು. ಒಮ್ಮೆ ಮಧ್ಯಾಹ್ನ ಕಾರು ಓಡಿಸುವಾಗ ಕಣ್ಣು ಮುಚ್ಚಿಕೊಂಡು ಬಂದದ್ದು ಇಂದಿಗೂ ನನ್ನನ್ನು ಹೆದರಿಸುತ್ತದೆ.

ನಡಿಗೆಯ ಲೆಕ್ಕಕ್ಕೆಂದು ಕೊಂಡಿದ್ದ ಸ್ಮಾರ್ಟ್‌ವಾಚ್ ರಾತ್ರಿ ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನೂ ದಾಖಲಿಸುತ್ತಿತ್ತು. ಶೇಕಡಾ 95ರ ಆಸುಪಾಸಿನಲ್ಲಿರಬೇಕಾದ ಗೆರೆ ಗರಗಸದ ಹಲ್ಲುಗಳಂತೆ 84ರವರೆಗೆ ಇಳಿದಿಳಿದು ಏರುತ್ತಿತ್ತು. ಪಟ್ಟಿ ಸಡಿಲವಾಗಿದ್ದರೂ, ಕೈ ಮೈಯಡಿ ಸಿಕ್ಕಿದರೂ ಇಂಥ ಸುಳ್ಳು ಇಳಿತ ಕಾಣಬಹುದಾದ್ದರಿಂದ, ಗಡಿಯಾರವನ್ನು ಮಣಿಕಟ್ಟಿನ ಮೂಳೆಗಿಂತ ಮೇಲಕ್ಕೆ ಬಿಗಿಯಾಗಿ ಕಟ್ಟಿ, ಎರಡು ವಾರ ಪ್ರತಿ ರಾತ್ರಿಯ ವಿವರವನ್ನು ಬರೆದಿಟ್ಟೆ. ಅಂಗಾತ ಮಲಗಿದ ರಾತ್ರಿಗಳಲ್ಲಿ ಇಳಿತ ಹೆಚ್ಚಾಗಿತ್ತು.

ವೈದ್ಯರು ಆ ಗೆರೆಗಳನ್ನು ಸುಳಿವೆಂದಷ್ಟೇ ಪರಿಗಣಿಸಿದರು. ಕತ್ತಿನ ಸುತ್ತಳತೆ, ರಕ್ತದೊತ್ತಡ ನೋಡಿ, ಮೂಗಿನ ನಳಿಕೆ, ಎದೆಪಟ್ಟಿ ಮತ್ತು ಬೆರಳಿನ ಆಕ್ಸಿಮೀಟರ್ ಇರುವ ಯಂತ್ರವನ್ನು ಒಂದು ರಾತ್ರಿಗೆ ಮನೆಗೆ ಕೊಟ್ಟರು. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅಥವಾ ಗಣನೀಯವಾಗಿ ಕುಗ್ಗಿದರೆ ಅದೊಂದು ಘಟನೆ. ಗಂಟೆಗೆ ಐದಕ್ಕಿಂತ ಕಡಿಮೆ ಇದ್ದರೆ ಸಹಜ, 30 ದಾಟಿದರೆ ತೀವ್ರ, ನನ್ನದು 34.

ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ವರದಿ ಮಾಡಿದ ಸಿಪ್ಯಾಪ್ ವಿಧಾನವೇ ಈಗ ನನ್ನ ಚಿಕಿತ್ಸೆ: ನಿದ್ದೆಯಲ್ಲಿ ಸಡಿಲಗೊಂಡು ಮುಚ್ಚಿಕೊಳ್ಳುವ ಗಂಟಲಿನ ದಾರಿಯನ್ನು ಯಂತ್ರದ ಗಾಳಿಯ ಒತ್ತಡ ತೆರೆದಿಡುತ್ತದೆ. ಮೊದಲ ಮೂರು ವಾರ ಕಷ್ಟವಾಯಿತು. ಮುಖವನ್ನೆಲ್ಲ ಮುಚ್ಚುವ ಮಾಸ್ಕ್‌ನಿಂದ ಗಾಳಿ ಸೋರಿ ಕಣ್ಣು ಉರಿಯುತ್ತಿತ್ತು. ಮೂಗಿಗಷ್ಟೇ ಹೊಂದುವ ಮಾಸ್ಕ್‌ಗೆ ಬದಲಾಯಿಸಿ, ಸಂಜೆ ಟಿ.ವಿ. ನೋಡುವಾಗಲೂ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿದ ಮೇಲೆ ಒಗ್ಗಿತು.

ನನ್ನ ಗೆಳೆಯರೊಬ್ಬರು ತಮ್ಮ ಆಪಲ್ ವಾಚ್ ಈ ತೊಂದರೆಯ ಎಚ್ಚರಿಕೆ ನೀಡಿಲ್ಲವೆಂದು ನಿಶ್ಚಿಂತರಾಗಿದ್ದಾರೆ. ಮಣಿಕಟ್ಟಿನ ಸೂಕ್ಷ್ಮ ಚಲನೆಯಿಂದ ಉಸಿರಾಟದ ಅಡಚಣೆಯನ್ನು ಅಂದಾಜಿಸಿ, 30 ದಿನಗಳ ಮಾಹಿತಿಯನ್ನು ಪರಿಶೀಲಿಸುವ ಆ ವ್ಯವಸ್ಥೆ, ಕಂಪನಿಯೇ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಧ್ಯಮ ಮತ್ತು ತೀವ್ರ ತೊಂದರೆಯಿದ್ದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರನ್ನಷ್ಟೇ ಗುರುತಿಸಿತ್ತು. ಈ ಗೆಳೆಯರ ಉಸಿರು ನಿಲ್ಲುವುದನ್ನು ಅವರ ಪತ್ನಿಯೂ ಕೇಳಿದ್ದಾರೆ. ಒಂದು ರಾತ್ರಿಯ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಾನು ಅವರನ್ನು ಪ್ರತಿ ವಾರ ಒತ್ತಾಯಿಸುತ್ತಿದ್ದೇನೆ.